ಕೆರೆ ಮೀನಿನ ಹರಾಜು, ಟೀವಿಯವರ 30 ನಿಮಿಷ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಈ ಪತ್ರ ಬರೀಬೇಕು ಅಂತ ಸುಮಾರು ದಿನದಿಂದ ಮನಸಲ್ಲಿತ್ತು, ರಾಗಿ ಕೆಲಸ ಮುಗೀಲಿ ಅಂತ ಮುಂದಕ್ಕೆ ಹಾಕ್ತಾ ಬಂದೆ. ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ಟೀವಿ ಹಾಕಿದ್ರೆ ಒಂದು ನ್ಯೂಸ್ ಚಾನೆಲಲ್ಲಿ (ಹೆಸರು ಬೇಡ ಬಿಡಿ, ಯಾವ್ದಾದ್ರೂ ಒಂದೇ) ಯಾರೋ ಸಿನಿಮಾ ನಟನ ಮನೆ ಗೇಟಿನ ಮುಂದೆ ಕ್ಯಾಮೆರಾ ಇಟ್ಕೊಂಡು, ಒಳಗಿಂದ ಕಾರು ಈಗ ಬರುತ್ತೆ ಇನ್ನೇನ್ ಬಂತು ಅಂತ ಮುಕ್ಕಾಲು ಗಂಟೆ ಗೇಟನ್ನೇ ತೋರಿಸಿದ್ರು. ಕಾರು ಬರ್ಲಿಲ್ಲ. ನಮ್ಮನೆಯೋಳು "ಆ ಗೇಟಿಗೆ ಪೇಂಟ್ ಹೊಡ್ಸಿ ಎಷ್ಟ್ ವರ್ಷ ಆಯ್ತೋ ಏನೋ" ಅಂದ್ಲು, ನಕ್ಕು ಸುಮ್ನಾದ್ವಿ. ಆದ್ರೆ ಮಲಗಿದ್ಮೇಲೆ ನಿದ್ದೆ ಹತ್ತಲಿಲ್ಲ ಸಾರ್. ದಿನಕ್ಕೆ 30 ನಿಮಿಷ ಸಮಾಜಕ್ಕೆ ಬೇಕಾದ್ದು ತೋರಿಸ್ಬೇಕು ಅಂತ ಚಾನೆಲುಗಳಿಗೆ ಷರತ್ತಿದೆ, ಅದು ಎಲ್ಲಿ ಹೋಯ್ತು ಅಂತ ಹೊಟ್ಟೆ ಉರಿತು ಅನ್ನಿ. ಅದಕ್ಕೇ ಎದ್ದು ಮೊಬೈಲಲ್ಲೇ ಟೈಪ್ ಮಾಡ್ತಿದೀನಿ, ಕಾಗುಣಿತ ತಪ್ಪಿದ್ರೆ ನೀವೇ ತಿದ್ಕೊಳಿ.

ನಾನು ಬಂಗಾರಪೇಟೆ ತಾಲ್ಲೂಕಿನೋನು. ಸ್ವಲ್ಪ ಹೊಲ ಇದೆ, ರಾಗಿ ಟೊಮೇಟೊ. ಹಿಂದೆ ಒಂದ್ಸಲ ಗ್ರಾಮ ಪಂಚಾಯ್ತಿ ಮೆಂಬರ್ ಆಗಿದ್ದೆ, ಎರಡನೇ ಸಲ ನಿಂತಾಗ ಜನ ಸೋಲಿಸಿದ್ರು, ಅದು ಬೇರೆ ಕತೆ. ಆಗ ನಾನು ಸರಿಯಾಗಿ ಕಲ್ತಿದ್ದು ಒಂದೇ ಕೆಲಸ, ಕೆರೆ ಮೀನಿನ ಹರಾಜು. ನಮ್ ಕಡೆ ಸಣ್ ಕೆರೆಗಳಲ್ಲಿ ಮೀನು ಹಿಡಿಯೋ ಹಕ್ಕನ್ನ ಪಂಚಾಯ್ತಿಲಿ ಹರಾಜು ಹಾಕ್ತಾರೆ, ಯಾರು ಜಾಸ್ತಿ ಕೂಗ್ತಾರೋ ಅವರಿಗೆ. ಆದ್ರೆ ಕೂಗೋಕೆ ಮುಂಚೆ ಎಲ್ರ ಎದುರಿಗೆ ಷರತ್ತು ಓದ್ತೀವಿ. ಮೀನು ನಿನ್ದು, ನೀರು ನಿನ್ದಲ್ಲ. ತೂಬು ಎತ್ತಂಗಿಲ್ಲ. ದನ ನೀರು ಕುಡಿಯೋಕೆ ಬಂದ್ರೆ ತಡೆಯಂಗಿಲ್ಲ. ನೀರಿಗೆ ಔಷಧಿ ಹಾಕಿ ಮೀನು ಹಿಡಿಯಂಗಿಲ್ಲ. ಒಬ್ಬ ಪುಣ್ಯಾತ್ಮ ಒಂದು ವರ್ಷ ಮೀನು ಬೇಗ ಹಿಡ್ಕೊಳೋಣ ಅಂತ ರಾತ್ರೋರಾತ್ರಿ ತೂಬು ಎತ್ತಿ ನೀರು ಬಿಟ್ಟಿದ್ದ, ಬೆಳಗಾಗೋ ಅಷ್ಟ್ರಲ್ಲಿ ಹೆಂಗಸರು ಕೊಡ ಹಿಡ್ಕೊಂಡು ಪಂಚಾಯ್ತಿ ಆಫೀಸ್ ಬಾಗಿಲಲ್ಲಿ ನಿಂತಿದ್ರು. ದುಡ್ಡು ಕಟ್ಟಿದೀನಿ ಅಂತ ಅವ್ನೂ ಕೂಗಾಡ್ದ. ಯಾರೂ ಕೇಳ್ಲಿಲ್ಲ. ದುಡ್ಡು ಕಟ್ಟಿದ್ದು ಮೀನಿಗೆ ತಾನೇ.

ಟೀವಿ ರೇಡಿಯೋ ವಿಷಯಾನೂ ಇಷ್ಟೇ ಸಾರ್. ಗಾಳಿಲಿ ಹೋಗೋ ಆ ತರಂಗ ಊರ ಕೆರೆ ಇದ್ದಂಗೆ, ಯಾರಪ್ಪನ ಮನೆ ಆಸ್ತೀನೂ ಅಲ್ಲ. ಇದನ್ನ ನಾನ್ ಹೇಳ್ತಿಲ್ಲ, ಸುಪ್ರೀಂ ಕೋರ್ಟ್ ಹೇಳಿ 30 ವರ್ಷ ದಾಟ್ತು. ಅದೂ ಹೇಗೆ ಅಂದ್ರೆ ಕ್ರಿಕೆಟ್ ದೆಸೆಯಿಂದ. 1993ರ ಹೀರೋ ಕಪ್ ನೆನಪಿದ್ಯಾ? ಸೆಮಿಫೈನಲ್ಲಲ್ಲಿ ಸಚಿನ್ ಕೊನೇ ಓವರ್ ಹಾಕಿದ್ದು, ಆಮೇಲೆ ಈಡನ್ ಗಾರ್ಡನ್ಸ್ ಫೈನಲಲ್ಲಿ ನಮ್ಮ ಅನಿಲ್ ಕುಂಬ್ಳೆ 12 ರನ್ ಕೊಟ್ಟು ವೆಸ್ಟ್ ಇಂಡೀಸಿನ 6 ವಿಕೆಟ್ ಕಿತ್ತಿದ್ದು. ಆ ಮ್ಯಾಚುಗಳನ್ನ ಯಾರು ತೋರಿಸ್ಬೇಕು ಅನ್ನೋದ್ರ ಮೇಲೇ ದೊಡ್ಡ ಜಗಳ ಆಗಿತ್ತು. ಬಂಗಾಳದ ಕ್ರಿಕೆಟ್ ಸಂಸ್ಥೆಯೋರು ಹಕ್ಕನ್ನ ಹೊರದೇಶದ ಕಂಪನಿಗೆ ಮಾರಿದ್ರು, ದೂರದರ್ಶನದೋರು ನಮ್ಮನ್ನ ಬಿಟ್ಟು ಅದ್ಹೇಗೆ ತೋರಿಸ್ತೀರಿ ಅಂದ್ರು, ಸರ್ಕಾರ 1885ನೇ ಇಸವಿ ಟೆಲಿಗ್ರಾಫ್ ಕಾಯ್ದೆ ತೆಗ್ದು ಗಾಳಿ ಮೇಲೆ ಅಧಿಕಾರ ಇರೋದು ನಂಗೊಬ್ಬನಿಗೇ ಅಂತ ಕೂತ್ಕೊಂಡ್ತು. ಬ್ರಿಟಿಷರು ತಂತಿ ಕಂಬಕ್ಕೆ ಅಂತ ಮಾಡಿದ್ದ ಕಾಯ್ದೆ ಕಣ್ರೀ ಅದು. ಕೇಸು ಸುಪ್ರೀಂ ಕೋರ್ಟಿಗೆ ಹೋಗಿ 1995ರ ಫೆಬ್ರವರಿ 9ಕ್ಕೆ ತೀರ್ಪು ಬಂತು. ನ್ಯಾಯಮೂರ್ತಿ ಸಾವಂತ್, ಮೋಹನ್, ಜೀವನ್ ರೆಡ್ಡಿ ಮೂರು ಜನದ ಪೀಠ. ತರಂಗಗಳು ಸಾರ್ವಜನಿಕರ ಸ್ವತ್ತು, ಅದನ್ನ ಸಾರ್ವಜನಿಕರ ಹಿತಕ್ಕೇ ಬಳಸ್ಬೇಕು, ಅದನ್ನ ನೋಡ್ಕೊಳೋಕೆ ಸರ್ಕಾರದ ಹಿಡಿತದಲ್ಲಿ ಇಲ್ಲದ ಒಂದು ಸ್ವತಂತ್ರ ಪ್ರಾಧಿಕಾರ ಮಾಡಿ ಅಂದ್ರು. ಜೀವನ್ ರೆಡ್ಡಿಯವರಂತೂ ಬೇರೆಯಾಗೇ ಬರೆದ ತೀರ್ಪಲ್ಲಿ, ಸರ್ಕಾರದ ಏಕಸ್ವಾಮ್ಯ ಎಷ್ಟು ಕೆಟ್ಟದ್ದೋ ಖಾಸಗಿಯವರ ಏಕಸ್ವಾಮ್ಯಾನೂ ಅಷ್ಟೇ ಕೆಟ್ಟದ್ದು ಅನ್ನೋ ಅರ್ಥದಲ್ಲಿ ಎಚ್ಚರಿಸಿದ್ರು.

ಆಮೇಲೆ ಏನಾಯ್ತು ನೋಡಿ. ಸರ್ಕಾರದ ಬಿಗಿಮುಷ್ಟಿ ಸಡಿಲ ಆಯ್ತು ಅನ್ನೋ ಭಾಗ ಮಾತ್ರ ಎಲ್ರಿಗೂ ಇಷ್ಟ ಆಯ್ತು, ಚಾನೆಲುಗಳು ಅಣಬೆ ಎದ್ದಂಗೆ ಎದ್ದವು. ಸ್ವತಂತ್ರ ಪ್ರಾಧಿಕಾರದ ಮಾತು ಅಲ್ಲೇ ಉಳೀತು. 1997ರಲ್ಲಿ ಒಂದು ಬ್ರಾಡ್‌ಕಾಸ್ಟಿಂಗ್ ಮಸೂದೆ ಬಂತು, ಬಿದ್ದೋಯ್ತು. 2001ರಲ್ಲಿ ಇನ್ನೊಂದು ಬಂತು, ಅದೂ ಬಿದ್ದೋಯ್ತು. 2023ರಲ್ಲಿ ಮತ್ತೊಂದು ಕರಡು ಬಿಟ್ರು, ಅದರ ಮೇಲೂ ಗಲಾಟೆ. ಪ್ರಸಾರ ಭಾರತಿ ಏನೋ 1997ರಲ್ಲಿ ಶುರು ಆಯ್ತು, ಆದ್ರೆ ಅದು ಆಕಾಶವಾಣಿ ದೂರದರ್ಶನ ನೋಡ್ಕೊಳೋಕೆ. ಟ್ರಾಯ್ (ಟೆಲಿಕಾಂ ನಿಯಂತ್ರಣ ಪ್ರಾಧಿಕಾರ) 2004ರಿಂದ ಕೇಬಲ್ ದರ ಅದೂ ಇದೂ ನೋಡುತ್ತೆ, ತೋರಿಸೋದು ಏನು ಅಂತ ನೋಡೋದು ಅದರ ಕೆಲಸ ಅಲ್ಲ. ಅಂದ್ರೆ ಕೆರೆ ಊರಿನದು ಅಂತ ಕೋರ್ಟ್ ಬರ್ದು ಕೊಡ್ತು, ಪಂಚಾಯ್ತಿನೇ ಆಗ್ಲಿಲ್ಲ. ಹರಾಜು ಮಾತ್ರ ಜೋರಾಗಿ ನಡೀತಿದೆ.

ಕೆಲವರು ಅಂತಾರೆ, ನಮ್ಮನೆಗೆ ಕೇಬಲಲ್ಲಿ ಬರ್ತದೆ, ಅದರಲ್ಲಿ ಗಾಳಿ ಎಲ್ಲಿಂದ ಬಂತು ಅಂತ. ಸ್ವಾಮಿ, ಚಾನೆಲ್ಲಿನೋರು ಬೆಂಗಳೂರಿಂದಲೋ ನೊಯಿಡಾದಿಂದಲೋ ಉಪಗ್ರಹಕ್ಕೆ ಕಳ್ಸೋದು ಗಾಳಿಲೇ, ಅಲ್ಲಿಂದ ಕೇಬಲ್ಲಿನೋನ ಮಾಳಿಗೆ ಮೇಲಿನ ಡಿಶ್ಶಿಗೆ ಇಳಿಯೋದೂ ಗಾಳಿಲೇ. ವೈರು ಇರೋದು ಕೊನೇ ಎರಡು ಬೀದಿಗೆ.

ಈಗ ವಿಷಯಕ್ಕೆ ಬರ್ತೀನಿ. 2022ರ ನವೆಂಬರಲ್ಲಿ ಕೇಂದ್ರ ಸರ್ಕಾರ ಚಾನೆಲುಗಳ ಅಪ್‌ಲಿಂಕ್ ಡೌನ್‌ಲಿಂಕ್ (ಉಪಗ್ರಹಕ್ಕೆ ಕಳ್ಸೋದು, ಅಲ್ಲಿಂದ ಇಳಿಸ್ಕೊಳೋದು) ಬಗ್ಗೆ ಹೊಸ ಮಾರ್ಗಸೂಚಿ ತಂತು. ಅದರಲ್ಲಿ ನಮ್ ಹರಾಜಿನ ಥರದ್ದೇ ಒಂದು ಷರತ್ತಿದೆ. ತರಂಗ ಸಾರ್ವಜನಿಕರ ಸ್ವತ್ತು ಆಗಿರೋದ್ರಿಂದ ಪ್ರತಿ ಚಾನೆಲ್ಲು ದಿನಕ್ಕೆ ಕನಿಷ್ಠ 30 ನಿಮಿಷ ಸಮಾಜಕ್ಕೆ ಬೇಕಾದ್ದು ತೋರಿಸ್ಬೇಕು ಅಂತ. ವಿದ್ಯೆ, ಕೃಷಿ, ಆರೋಗ್ಯ, ವಿಜ್ಞಾನ, ಹೆಣ್ಮಕ್ಕಳ ವಿಷಯ, ದುರ್ಬಲರ ವಿಷಯ, ಪರಿಸರ ಮತ್ತು ಪರಂಪರೆ, ರಾಷ್ಟ್ರೀಯ ಏಕತೆ, ಹಿಂಗೆ ಎಂಟು ಬಾಬತ್ತು. ಸ್ಪೋರ್ಟ್ಸ್, ಕಾಡುಪ್ರಾಣಿ ಚಾನೆಲ್ಲಿಗೆ ವಿನಾಯ್ತಿ ಕೊಟ್ಟಿದಾರೆ, ಸರಿ. ನಿಮ್ಮ ಓದುಗರಲ್ಲಿ ಎಷ್ಟ್ ಜನಕ್ಕೆ ಇದು ಗೊತ್ತು? ನಮ್ ಹಳ್ಳಿ ಅಂಗಡಿ ಮುಂದೆ ಕೇಳ್ದೆ, ಒಬ್ಬನಿಗೂ ಗೊತ್ತಿಲ್ಲ. ನಮ್ ಮಗ ಹೇಳೋವರೆಗೂ ನನಗೂ ಗೊತ್ತಿರ್ಲಿಲ್ಲ ಅನ್ನಿ. ನಮ್ಮನೆ ಟೀವಿಲಿ ಮಾತ್ರ ಒಂದಿನಾನೂ ಯಾರೂ, ಇದು ನಿಮ್ಮ 30 ನಿಮಿಷ ನೋಡ್ರಪ್ಪಾ ಅಂತ ಹೇಳಿದ್ದು ನಾನ್ ಕೇಳಿಲ್ಲ.

ಷರತ್ತು ಬಂದು ಮೂರು ತಿಂಗಳಿಗೇ, 2023ರ ಜನವರಿ ಕೊನೇಲಿ, ಒಂದು ಸೂಚನೆ ಬಂತು. 30 ನಿಮಿಷ ಒಟ್ಟಿಗೇ ತೋರಿಸ್ಬೇಕಾಗಿಲ್ಲ, ಚೂರುಚೂರು ಮಾಡಿ ತೋರಿಸ್ಬೋದು, ತಿಂಗಳಿಗೆ ಒಟ್ಟು 15 ಗಂಟೆ ಬಂದ್ರೆ ಸಾಕು, ಬೇರೆ ಕಾರ್ಯಕ್ರಮದ ಒಳಗೇ ಸೇರಿಕೊಂಡಿದ್ರೂ ಲೆಕ್ಕಕ್ಕೆ ಬರುತ್ತೆ ಅಂತ. ನಡುರಾತ್ರಿ 12ರಿಂದ ಬೆಳಗ್ಗೆ 6ರ ತನಕ ತೋರಿಸಿದ್ದು ಮಾತ್ರ ಲೆಕ್ಕಕ್ಕಿಲ್ಲ ಅಂದಿದಾರೆ, ಅಷ್ಟಾದ್ರೂ ಪುಣ್ಯ ಮಾಡಿದಾರೆ. ಬೇರೆ ಕಾರ್ಯಕ್ರಮದೊಳಗೇ ಸೇರಿದ್ರೂ ಓಕೆ ಅಂದ್ರೆ ಏನರ್ಥ ಹೇಳಿ. ಧಾರಾವಾಹಿಲಿ ಅತ್ತೆ ಸೊಸೆಗೆ "ಆ ತುಳಸಿ ಗಿಡಕ್ಕೆ ನೀರು ಹಾಕೇ" ಅಂದ್ರೆ ಪರಿಸರ ಸಂರಕ್ಷಣೆ ಅಂತ ಬರ್ಕೊಬೋದಾ? ಸೊಸೆ ಎದುರುತ್ತರ ಕೊಟ್ರೆ ಮಹಿಳಾ ಸಬಲೀಕರಣ? ತಮಾಷೆಗೆ ಹೇಳ್ದೆ, ಆದ್ರೆ ಹಂಗೆ ಬರ್ಕೊಂಡ್ರೆ ತಡೆಯೋರು ಯಾರು. ಯಾಕಂದ್ರೆ ಲೆಕ್ಕ ಬರೆಯೋದೂ ಅವರೇ. ತಿಂಗಳಿಗೊಂದು ರಿಪೋರ್ಟು ತಾವೇ ಬರೆದು ಕೇಂದ್ರದ ವಾರ್ತಾ ಪ್ರಸಾರ ಸಚಿವಾಲಯದ ಬ್ರಾಡ್‌ಕಾಸ್ಟ್ ಸೇವಾ ಪೋರ್ಟಲ್ಲಿಗೆ ಹಾಕ್ಬೇಕು. ಮೀನು ಹಿಡಿದೋನು ತಾನೇ ತೂಕ ಮಾಡಿ ತಾನೇ ಬರ್ಕೊಂಡು ಡೆಲ್ಲಿಗೆ ಚೀಟಿ ಕಳ್ಸಿದಂಗಾಯ್ತು. ಕೆರೆ ಏರಿ ಮೇಲೆ ನಿಂತಿರೋ ನಾವು ನೋಡ್ತಾ ಇರ್ಬೇಕು.

ನನಗೆ ಇದೆಲ್ಲ ಯಾಕೆ ಅಷ್ಟು ನಾಟ್ತು ಅಂದ್ರೆ 2021ರ ನವೆಂಬರ್ ಮಳೆ. ನಮ್ ಕೋಲಾರ ಚಿಕ್ಕಬಳ್ಳಾಪುರದ ಕಡೆ ಹತ್ತಾರು ವರ್ಷ ಒಣಗಿದ್ದ ಕೆರೆಗಳೆಲ್ಲ ಕೋಡಿ ಹರಿದಿದ್ದು ಆಗಲೇ. ಕೆರೆ ತುಂಬಿದ್ದಕ್ಕೆ ಖುಷಿ ಪಡೋದೋ ರಾಗಿ ಹೋಗಿದ್ದಕ್ಕೆ ಅಳೋದೋ ಗೊತ್ತಾಗ್ದೆ ಇದ್ದ ಕಾಲ. ನಾವು ರಾಗಿ ಕೊಯ್ದು ಹೊಲದಲ್ಲೇ ಬಿಟ್ಟಿದ್ವಿ, ಇವತ್ತು ನಾಳೆ ಬಿಸಿಲು ಬಂದ್ರೆ ಮೆದೆ ಹಾಕೋಣ ಅಂತ. ಮಳೆ ನಿಲ್ಲುತ್ತೋ ಇಲ್ವೋ ತಿಳ್ಕೊಳೋಣ ಅಂತ ಟೀವಿ ಹಾಕಿದ್ರೆ ಅಲ್ಲಿ ನಾಲ್ಕು ಜನ ಒಬ್ರ ಮೇಲೊಬ್ರು ಕಿರುಚ್ತಾ ಇದ್ರು, ಯಾವುದೋ ರಾಜಕೀಯದೋರ ವಿಡಿಯೋ ಬಗ್ಗೆ. ಮಳೆ ಸುದ್ದಿ ಕೆಳಗಡೆ ಓಡೋ ಸಾಲಲ್ಲಿ ಒಂದ್ಸಲ ಓಡೋಯ್ತು, ಕನ್ನಡಕ ಹಾಕ್ಕೊಳೋ ಅಷ್ಟ್ರಲ್ಲಿ ಮಾಯ. ಆಮೇಲೆ ಕರೆಂಟ್ ಹೋಯ್ತು, ಟವರ್ ಹೋಯ್ತು. ಸೆಲ್ ಹಾಕೋ ರೇಡಿಯೋ ಇತ್ತು, ಅದನ್ನ ಹಾಕ್ದೆ. ಬೆಂಗಳೂರಿನ ಒಂದು ಖಾಸಗಿ ಎಫ್ಎಂ ನಮ್ ಕಡೆ ಕರಕರ ಅಂತ ಹಿಡಿಯುತ್ತೆ, ಅದರಲ್ಲಿ ಆ ಹುಡ್ಗ ಯಾರಿಗೋ ಫೋನ್ ಮಾಡಿ ಸುಳ್ಳೇಳಿ ಗೋಳು ಹುಯ್ಕೊಂಡು ನಗ್ತಾ ಇದ್ದ. ಮುಳ್ಳು ತಿರುಗಿಸಿ 612ಕ್ಕೆ ಹಾಕಿದ್ಮೇಲೆ ಬೆಂಗಳೂರು ಆಕಾಶವಾಣಿಲಿ ಹವಾಮಾನ ವರದಿ ಸಿಕ್ತು. ಇನ್ನೂ ಎರಡು ದಿನ ಮಳೆ ಅಂತ. ಆ ಮಾತು ಹಿಂದಿನ ದಿನ ಕಿವಿಗೆ ಬಿದ್ದಿದ್ರೆ ಅರ್ಧ ರಾಗಿನಾದ್ರೂ ಒಳಗೆ ಹಾಕ್ತಿದ್ವಿ. ಮಾರನೇ ದಿನ ನೋಡಿದ್ರೆ ತೆನೇಲೇ ಮೊಳಕೆ. ಆಕಾಶವಾಣಿಯೋರು ಹಿಂದಿನ ದಿನಾನೂ ಹೇಳಿದ್ರೋ ಏನೋ, ನಾನು ಟೀವಿ ನಂಬ್ಕೊಂಡು ಕೂತಿದ್ದೆ, ಆ ತಪ್ಪು ನಂದೇ ಅಂತ ಒಪ್ಕೊತೀನಿ.

ಎಫ್ಎಂ ಹುಡ್ಗುರನ್ನ ಬೈದ್ರೆ, ನಮಗೆ ನ್ಯೂಸ್ ಹೇಳೋ ಪರ್ಮಿಶನ್ ಇಲ್ಲ ಅಂತಾರೆ. ನಿಜ, ಖಾಸಗಿ ಎಫ್ಎಂಗೆ ಸ್ವಂತ ನ್ಯೂಸ್ ಓದೋ ಹಂಗಿಲ್ಲ. ಅದು ಯಾಕೆ ಅಂತ ಇವತ್ತಿಗೂ ನನಗೆ ಅರ್ಥ ಆಗಿಲ್ಲ, ಟೀವಿಲಿ 24 ಗಂಟೆ ಕಿರುಚಬೋದು ರೇಡಿಯೋಲಿ ಹೇಳಬಾರ್ದು ಅಂದ್ರೆ ಯಾವ ನ್ಯಾಯ. ಆದ್ರೆ 2011ರ ಎಫ್ಎಂ ನೀತಿಲಿ ಸ್ಪಷ್ಟವಾಗಿ ಬರೆದಿದಾರೆ, ಟ್ರಾಫಿಕ್ಕು, ಹವಾಮಾನ, ಪರೀಕ್ಷೆ ರಿಸಲ್ಟು, ಕರೆಂಟು ನೀರು, ಪ್ರಕೃತಿ ವಿಕೋಪದ ಬಗ್ಗೆ ಜಿಲ್ಲಾಡಳಿತ ಕೊಟ್ಟ ಪ್ರಕಟಣೆ, ಇವೆಲ್ಲ ನ್ಯೂಸ್ ಲೆಕ್ಕಕ್ಕೆ ಬರಲ್ಲ, ಹೇಳ್ಬೋದು ಅಂತ. ಹೇಳ್ಬೋದು ಅಂತಿದೆ, ಹೇಳ್ಲೇಬೇಕು ಅಂತ ಮಾಡ್ಲಿ. ಕೋಡಿ ನೀರು ರಸ್ತೆ ಮೇಲೆ ಹರೀತಿದೆ ಬೈಕ್ ತರಬೇಡಿ ಅನ್ನೋಕೆ ಹತ್ತು ಸೆಕೆಂಡ್ ಸಾಕು.

ಇನ್ನೊಂದು ವಿಷಯ, ಇದು ನಮ್ ತಾಲ್ಲೂಕಿನ ಹೆಮ್ಮೆ ಅಂತಾನೇ ಹೇಳ್ಬೇಕು. ನಮ್ ಪಕ್ಕದ ಬೂದಿಕೋಟೆ, ಹೈದರಾಲಿ ಹುಟ್ಟಿದೂರು. 2001ರ ಜುಲೈಲಿ ಬೆಂಗಳೂರಲ್ಲಿ ದೇಶದ ಮೊದಲ ಖಾಸಗಿ ಎಫ್ಎಂ ಶುರು ಆಯ್ತಲ್ಲ, ಹೆಚ್ಚುಕಮ್ಮಿ ಅದೇ ಕಾಲದಲ್ಲಿ ಬೂದಿಕೋಟೆ ಸ್ವಸಹಾಯ ಸಂಘದ ಹೆಂಗಸರು 'ನಮ್ಮ ಧ್ವನಿ' ಅಂತ ಮಾಡಿದ್ರು. ಅವರೇ ರೆಕಾರ್ಡರ್ ಹಿಡಿದು ಮನೆಮನೆಗೆ ಹೋಗಿ ಮಾತಾಡ್ಸಿ ಕಾರ್ಯಕ್ರಮ ಮಾಡೋರು. ಮೈರಾಡ, ವಾಯ್ಸಸ್ ಅನ್ನೋ ಸ್ವಯಂಸೇವಾ ಸಂಸ್ಥೆಗಳು, ಯುನೆಸ್ಕೋ ಇವರೆಲ್ಲ ಕೈಜೋಡಿಸಿದ್ರು. ಆದ್ರೆ ಗಾಳಿಗೆ ಬಿಡೋ ಹಂಗಿರ್ಲಿಲ್ಲ. ಹಳ್ಳಿಯೋರಿಗೆ ರೇಡಿಯೋ ಲೈಸೆನ್ಸ್ ಅನ್ನೋದೇ ಕಾನೂನಲ್ಲಿ ಇರ್ಲಿಲ್ಲ. ಅದಕ್ಕೆ ಅವರು ಕೇಬಲ್ ವೈರಲ್ಲಿ ದನಿ ಕಳ್ಸಿದ್ರು! ನೂರು ಕಿಲೋಮೀಟರ್ ಒಳಗೆ, ಒಂದು ಕಡೆ ದುಡ್ಡಿರೋರು ಹರಾಜಲ್ಲಿ ಗಾಳಿ ತಗೊಂಡು ಸಿನಿಮಾ ಹಾಡು ಹಾಕ್ತಿದಾರೆ, ಇನ್ನೊಂದು ಕಡೆ ಆ ಗಾಳಿ ಯಾರ ಸ್ವತ್ತೋ ಅವರೇ ವೈರ್ ಎಳ್ಕೊಂಡು ಒದ್ದಾಡ್ತಿದಾರೆ. ಸಂಘ ಸಂಸ್ಥೆಗಳು ಸಮುದಾಯ ರೇಡಿಯೋ ಮಾಡ್ಬೋದು ಅಂತ ಸರ್ಕಾರ ಒಪ್ಪಿದ್ದು 2006ರಲ್ಲಿ, ಅದೂ ಸಾಮಾನ್ಯವಾಗಿ 100 ವಾಟ್ ಮೀರಂಗಿಲ್ಲ, ಸುತ್ತ ಹತ್ತು ಹದಿನೈದು ಕಿಲೋಮೀಟರ್ ಕೇಳಿದ್ರೆ ಹೆಚ್ಚು.

ಮೈಸೂರಲ್ಲಿ 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಮೇಷ್ಟ್ರು ತಮ್ಮ ಮನೇಲೇ 30 ವಾಟಿನ ಯಂತ್ರ ಇಟ್ಕೊಂಡು ರೇಡಿಯೋ ಶುರು ಮಾಡಿದ್ರಂತೆ. ಅದರ ಹೆಸರೇ ಆಕಾಶವಾಣಿ, ಆಮೇಲೆ ಇಡೀ ದೇಶದ ರೇಡಿಯೋಗೆ ಆ ಹೆಸರು ಬಂತು. ಮಹಾರಾಜರ ಕಾಲದಲ್ಲಿ ಒಬ್ಬ ಮನಶ್ಶಾಸ್ತ್ರದ ಮೇಷ್ಟ್ರಿಗೆ ಆಗಿದ್ದು ಪ್ರಜಾಪ್ರಭುತ್ವದಲ್ಲಿ ಬೂದಿಕೋಟೆ ಹೆಂಗಸರಿಗೆ ಆಗ್ಲಿಲ್ಲ.

ಹಾಗಂತ ಎಲ್ಲಾ ತಗೊಂಡು ಸರ್ಕಾರದ ಕೈಗೆ ಕೊಡಿ ಅಂತ ನಾನ್ ಹೇಳ್ತಿಲ್ಲ, ದಯವಿಟ್ಟು ತಪ್ಪು ತಿಳ್ಕೋಬೇಡಿ. ನಮ್ಮಪ್ಪ ಪೋಸ್ಟಾಫೀಸಿಗೆ ಹೋಗಿ ರೇಡಿಯೋ ಲೈಸೆನ್ಸ್ ಪುಸ್ತಕಕ್ಕೆ ದುಡ್ಡು ಕಟ್ಟಿ ಬರೋರು, ಈಗಿನ ಹುಡುಗರಿಗೆ ಅದೆಲ್ಲ ಗೊತ್ತಿಲ್ಲ. ಎಮರ್ಜೆನ್ಸಿಲಿ ಅದೇ ರೇಡಿಯೋಲಿ ಬೆಳಗಿಂದ ಸಂಜೆವರೆಗೂ 20 ಅಂಶದ ಕಾರ್ಯಕ್ರಮದ್ದೇ ಗುಣಗಾನ, ಅಪ್ಪ ಬಾಗಿಲು ಹಾಕ್ಕೊಂಡು ಸಣ್ಣ ದನಿಲಿ ಬಿಬಿಸಿ ಕೇಳೋರು. ದುಡ್ಡು ಕಟ್ಟೋದು ನಾವು, ಸುಳ್ಳು ಕೇಳೋದೂ ನಾವೇ ಅಂತ ಗೊಣಗೋರು. ಅದಕ್ಕೇ ಕೋರ್ಟು ಸರ್ಕಾರದ್ದಲ್ಲ, ಜನರದ್ದು ಅಂತ ಬಿಡಿಸಿ ಹೇಳಿದ್ದು. ಆ 30 ನಿಮಿಷಾನೂ ಸರ್ಕಾರದ ಯೋಜನೆ ಹೊಗಳೋ ಜಾಹೀರಾತು ಆಗ್ಬಿಟ್ರೆ ನನಗೇನೂ ಬೇಡ, ಆ ಗೇಟೇ ತೋರಿಸ್ಲಿ, ನೋಡ್ತೀನಿ.

ನಮಗೆ ಬೇಕಾಗಿರೋದು ಏನು ಅಂದ್ರೆ ಒಂದು ಉದಾಹರಣೆ ಕೊಡ್ತೀನಿ. 2018ರಿಂದ ನಮ್ ಜಿಲ್ಲೆ ಕೆರೆಗಳಿಗೆ ಕೆ.ಸಿ. ವ್ಯಾಲಿ ನೀರು ಬರ್ತಿದೆ, ಬೆಂಗಳೂರಿನ ಕೊಳಚೆ ನೀರನ್ನ ಎರಡು ಹಂತ ಶುದ್ಧ ಮಾಡಿ ಕಳಿಸ್ತಾರೆ. ಬೋರ್‌ವೆಲ್ಲಲ್ಲಿ ನೀರು ಮೇಲೆ ಬಂತು ಅಂತ ಒಬ್ರು ಖುಷಿ ಪಡ್ತಾರೆ, ಮೂರನೇ ಹಂತ ಶುದ್ಧ ಮಾಡ್ದೆ ಬಿಟ್ರೆ ಮುಂದೆ ನಮ್ ಮಕ್ಳ ಗತಿ ಏನು ಅಂತ ಇನ್ನೊಬ್ರು ಕೋರ್ಟಿಗೆ ಹೋದ್ರು. ಇಬ್ರೂ ನಮ್ಮೋರೇ. ಆ ನೀರಲ್ಲಿ ಏನಿದೆ, ತರಕಾರಿಗೆ ಹಾಕ್ಬೋದಾ, ದನಕ್ಕೆ ಕುಡಿಸ್ಬೋದಾ ಅಂತ ಗೊತ್ತಿರೋ ವಿಜ್ಞಾನಿಗಳನ್ನ, ಬೆಳೆ ಬೆಳೆಯೋರನ್ನ ಕೂರಿಸಿ ಅರ್ಧ ಗಂಟೆ, ಕಿರುಚದೇ, ಸಂಜೆ ಏಳೂವರೆಗೆ ಮಾತಾಡ್ಸಿ. ಯಾರೂ ನೋಡಲ್ಲ ಅಂತೀರಾ? ಕೋಲಾರದಲ್ಲಿ ಒಂದು ಮನೆಯೋರೂ ಎದ್ದು ಹೋಗಲ್ಲ ನೋಡಿ. ಟಿಆರ್‌ಪಿ ಬರಲ್ಲ ಅಂದ್ರೆ ಬರದೇ ಇರ್ಲಿ, ಉಳಿದ ಇಪ್ಪತ್ಮೂರೂವರೆ ಗಂಟೆ ಮೀನು ಹಿಡ್ಕೊತಾನೇ ಇದೀರಲ್ಲ. ಜಾಹೀರಾತು ಗಂಟೆಗೆ 12 ನಿಮಿಷ ಮೀರಬಾರದು ಅಂತ ಕೇಬಲ್ ನಿಯಮದಲ್ಲಿ ಮೊದಲೇ ಇತ್ತು, ಟ್ರಾಯ್ ಅದನ್ನ ಬಿಗಿ ಮಾಡೋಕೆ ಹೋದಾಗ 2013ರಲ್ಲಿ ಚಾನೆಲ್ಲಿನೋರು ದೆಹಲಿ ಹೈಕೋರ್ಟಿಗೆ ಹೋಗಿ ನಿಂತ್ರು. ಜಾಹೀರಾತಿನ ನಿಮಿಷ ಎಣಿಸೋಕೆ ಬಂದ್ರೆ ಕೋರ್ಟಿಗೆ ಹೋಗೋರು ಈ 30 ನಿಮಿಷಾನ ಮನಸಾರೆ ತೋರಿಸ್ತಾರೆ ಅಂತ ನಂಬೋಕೆ ನನಗೆ ಕಷ್ಟ.

ಯೂಟ್ಯೂಬಲ್ಲಿ ಎಲ್ಲಾ ಇದೆ, ಬೇಕಾದ್ದು ನೋಡ್ಕೋ ಅಂತ ನನ್ ಮಗ ಅಂತಾನೆ. ಇದೆ. ಅದು ಬರೋ ಮೊಬೈಲ್ ತರಂಗಾನೂ ಹರಾಜಾಗಿದ್ದೇ, ಅದಕ್ಕೆ ಈ ಷರತ್ತೂ ಇಲ್ಲ. ಅಲ್ಲದೇ ಮಳೆಲಿ ಟವರ್ ಬಿದ್ರೆ ಯೂಟ್ಯೂಬ್ ಎಲ್ಲಿ.

ಟೀವಿಯೋರಿಗೆ ನಾನು ಹೊಸ ಕಾನೂನು ಕೇಳ್ತಿಲ್ಲ ಸಾರ್. ಇರೋ ಷರತ್ತನ್ನ ಕೆರೆ ಏರಿ ಮೇಲೆ ನಿಂತು ಓದಿ ಅಂತೀನಿ ಅಷ್ಟೇ. ಚಾನೆಲ್ಲುಗಳು ತಿಂಗಳು ತಿಂಗಳು ಪೋರ್ಟಲ್ಲಿಗೆ ಹಾಕೋ ಆ ರಿಪೋರ್ಟನ್ನ ತಮ್ಮ ತಮ್ಮ ಪರದೆ ಮೇಲೇ ತೋರಿಸ್ಲಿ, ಯಾವ ತಾರೀಖು ಎಷ್ಟೊತ್ತಿಗೆ ಏನು ತೋರಿಸಿದ್ವಿ ಅಂತ, ಕನ್ನಡ ಚಾನೆಲ್ ಆದ್ರೆ ಕನ್ನಡದಲ್ಲಿ. ಆ 30 ನಿಮಿಷ ಶುರು ಆಗೋವಾಗ ಮೂಲೇಲಿ ಒಂದು ಗುರುತು ಹಾಕ್ಲಿ, ಧೂಮಪಾನ ಹಾನಿಕರ ಅಂತ ಹಾಕಲ್ವಾ ಹಂಗೆ. ನಿಮ್ಮಂಥ ಪತ್ರಿಕೆಯೋರು, ಕಾಲೇಜಿನ ಪತ್ರಿಕೋದ್ಯಮದ ಹುಡುಗರು ಒಂದು ತಿಂಗಳು ಕೂತು ತಾಳೆ ನೋಡ್ಲಿ. ಕಷ್ಟ ಏನಿಲ್ಲ, ಯಾಕಂದ್ರೆ ತೋರಿಸಿದ್ದೆಲ್ಲದರ ರೆಕಾರ್ಡಿಂಗನ್ನ 90 ದಿನ ಇಟ್ಕೊಂಡಿರ್ಲೇಬೇಕು ಅಂತ ಅದೇ ಮಾರ್ಗಸೂಚಿಲಿ ಇದೆ. ಅಂದ್ರೆ ಆ ಗೇಟಿನ ಮುಕ್ಕಾಲು ಗಂಟೆನೂ ಎಲ್ಲೋ ಒಂದು ಕಂಪ್ಯೂಟರಲ್ಲಿ ಭದ್ರವಾಗಿದೆ.

ಪತ್ರ ಉದ್ದ ಆಯ್ತು, ನಿಮ್ಮ ಜಾಗಕ್ಕೆ ತಕ್ಕಂಗೆ ಕತ್ತರಿಸ್ಕೊಳಿ. ನನ್ ರಾಗಿ ಕತೆ ತೆಗೀರಿ ಪರವಾಗಿಲ್ಲ, ಆ 90 ದಿನದ ಮಾತು ಮಾತ್ರ ಬಿಡಬೇಡಿ.

ಇಂತಿ,
ನಿಮ್ಮ ಪತ್ರಿಕೆಯ ಹಳೇ ಓದುಗ,
ಬಂಗಾರಪೇಟೆ ತಾಲ್ಲೂಕು, ಕೋಲಾರ ಜಿಲ್ಲೆ